ರಬ್ಬರ್ ಹಲ್ಲಿನ ಜಗಳ

ಹಲ್ಲು ಕಟ್ಟಿಸಿಕೊಂಡವರು ಡಾಕ್ಟರನ್ನು ನೆನೆಯುತ್ತಾರೆ. ಒಳಕೋಣೆಯಲ್ಲಿ ಕೂತು ಸೆಟ್ಟು ಮಾಡಿಕೊಡುವ ನಮ್ಮಂಥ ಮೆಕ್ಯಾನಿಕ್‌ಗಳ ಮುಖವನ್ನು ಅವರು ಕಂಡೇ ಇರುವುದಿಲ್ಲ. ಇರಲಿ. ಆದರೆ ಈ ಕಸುಬಿನ ಚರಿತ್ರೆಯಲ್ಲಿ ಒಂದು ಕೊಲೆಯೂ ಇದೆ. ಅದು ನಮ್ಮವರಲ್ಲೇ ಎಷ್ಟೋ ಮಂದಿಗೆ ಗೊತ್ತಿಲ್ಲ.

ಮೊದಲು ಕಟ್ಟಿಸಿದ ಹಲ್ಲು ಉಳ್ಳವರ ಸೊತ್ತಾಗಿತ್ತು. 1789ರಲ್ಲಿ ಅಮೆರಿಕದ ಅಧ್ಯಕ್ಷರಾದಾಗ ಜಾರ್ಜ್ ವಾಷಿಂಗ್ಟನ್ನರ ಬಾಯಲ್ಲಿ ಉಳಿದಿದ್ದ ಸ್ವಂತ ಹಲ್ಲು ಒಂದೇ. ಅವರದು ಮರದ ಹಲ್ಲು ಎನ್ನುವುದು ಬರೀ ಕಟ್ಟುಕಥೆ. ನೀರಾನೆಯ ದಂತ, ಮನುಷ್ಯರ ಹಲ್ಲು, ಸ್ಪ್ರಿಂಗು ಇವೆಲ್ಲ ಸೇರಿದ ಸೆಟ್ಟು ಅದು. ಎಂಜಲಲ್ಲಿ ನೆನೆದ ದಂತ ಕೊಳೆತು ನಾರುತ್ತಿತ್ತು. ಯುರೋಪಿನಲ್ಲಂತೂ 1815ರ ವಾಟರ್ಲೂ ಕಾಳಗದಲ್ಲಿ ಸತ್ತ ಸೈನಿಕರ ಹಲ್ಲು ಕಿತ್ತು ಮಾರಿದರು. ನಾರದ ಸೆಟ್ಟು ಬೇಕೆಂದರೆ ಚಿನ್ನದ ತಗಡು ಬಡಿಸಬೇಕಿತ್ತು.

ಇದನ್ನೆಲ್ಲ ಬದಲಿಸಿದ್ದು ರಬ್ಬರ್. ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿಧಾನಕ್ಕೆ 1844ರಲ್ಲಿ ಪೇಟೆಂಟ್ ಪಡೆದ. ಗಂಧಕ ಹೆಚ್ಚಿಸಿದರೆ ಅದೇ ರಬ್ಬರ್ ಕೋಡಿನಷ್ಟು ಗಟ್ಟಿಯಾಗುತ್ತದೆ. ಆ ಗಟ್ಟಿ ರಬ್ಬರಿನ ಪೇಟೆಂಟ್ 1851ರಲ್ಲಿ ಅವನ ತಮ್ಮ ನೆಲ್ಸನ್‌ಗೆ ಸಿಕ್ಕಿತು. ಈ ಗಟ್ಟಿ ರಬ್ಬರೇ ವಲ್ಕನೈಟ್. ಅಷ್ಟರಲ್ಲಿ ಈಥರ್ ಬಂದು, ನೋವಿಲ್ಲದೆ ಹಲ್ಲು ಕೀಳಿಸಿಕೊಳ್ಳಬಹುದಾಗಿತ್ತು. ಹಾಗಾಗಿ ಬೊಚ್ಚುಬಾಯಿಗಳಿಗೇನೂ ಬರವಿರಲಿಲ್ಲ.

ವಲ್ಕನೈಟಿನ ಕೆಲಸ ಓದಿದಾಗಲೆಲ್ಲ ನನ್ನ ಕೈಯೇ ಕಾಣಿಸುತ್ತದೆ. ಬಾಯಿಯ ಅಚ್ಚು ತೆಗೆದು ಪ್ಲಾಸ್ಟರ್ ಮಾದರಿ ಎರೆಯುವುದು, ಅದರ ಮೇಲೆ ಮೇಣದಲ್ಲಿ ಪಿಂಗಾಣಿ ಹಲ್ಲು ಜೋಡಿಸುವುದು, ಎಲ್ಲವನ್ನೂ ಫ್ಲಾಸ್ಕ್ ಎಂಬ ಅಚ್ಚುಪೆಟ್ಟಿಗೆಯೊಳಗೆ ಪ್ಲಾಸ್ಟರಿನಲ್ಲಿ ಹೂತು ಮೇಣ ಕರಗಿಸಿ ತೆಗೆಯುವುದು. ಮೇಣವಿದ್ದ ಜಾಗಕ್ಕೆ ರಬ್ಬರ್ ತುಂಬಿ, ಬಿಗಿದು, ಹಬೆಯ ಒತ್ತಡದಲ್ಲಿ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಿದ್ದರು. ಒಸಡಿನ ಬಣ್ಣ ಬರಲೆಂದು ಇಂಗಳೀಕ ಬೆರೆಸಿದರೂ ಕೆಂಪು ಬರುತ್ತಿತ್ತೇ ಹೊರತು ಒಸಡಿನ ಗುಲಾಬಿ ಬರುತ್ತಿರಲಿಲ್ಲ. ನೋಡಲು ಚೆಂದವಿಲ್ಲ, ಆದರೆ ಅಂಗುಳಿಗೆ ಕಚ್ಚಿ ಕೂರುತ್ತಿತ್ತು. ಮುಖ್ಯವಾಗಿ, ಅಗ್ಗ.

ಅಗ್ಗವಾದದ್ದರ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ಜಾನ್ ಕಮ್ಮಿಂಗ್ಸ್ ಎಂಬ ದಂತವೈದ್ಯ ರಬ್ಬರ್ ಸೆಟ್ಟಿಗೆ 1864ರಲ್ಲಿ ಪೇಟೆಂಟ್ ಪಡೆದ. ಅದು ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿಯ ಕೈಸೇರಿತು. ದಂತವೈದ್ಯರು ವರ್ಷಕ್ಕೆ 25ರಿಂದ 100 ಡಾಲರ್ ಲೈಸೆನ್ಸ್ ಹಣ ಕಟ್ಟಬೇಕು, ಮೇಲೆ ಸೆಟ್ಟಿಗಿಷ್ಟೆಂದು ಬೇರೆ ಕೊಡಬೇಕು. ಕಂಪನಿಯ ಖಜಾಂಚಿ ಜೋಸಾಯ ಬೇಕನ್ ಕೊಡದವರ ಮೇಲೆಲ್ಲ ಕೇಸು ಜಡಿಯುತ್ತ ಹೋದ. 1876ರಲ್ಲಿ ಸುಪ್ರೀಂ ಕೋರ್ಟೂ ಅವನ ಪರವಾಯಿತು.

ಡೆಲವೇರಿನ ದಂತವೈದ್ಯ ಸ್ಯಾಮ್ಯುಯೆಲ್ ಚಾಲ್ಫಂಟ್ ಮಣಿಯಲಿಲ್ಲ. ಊರು ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋ ಸೇರಿದರೂ ಬೇಕನ್ ಬಿಡಲಿಲ್ಲ. 1879ರ ಏಪ್ರಿಲ್ 13, ಈಸ್ಟರ್ ಭಾನುವಾರ. ಚಾಲ್ಫಂಟ್ ಹೋಟೆಲ್ ಕೋಣೆಗೆ ಹೋಗಿ ಬೇಕನ್ನನನ್ನು ಗುಂಡಿಕ್ಕಿ ಕೊಂದ. ಹತ್ತು ವರ್ಷ ಶಿಕ್ಷೆಯಾಯಿತು. 1881ರಲ್ಲಿ ಪೇಟೆಂಟ್ ತಾನಾಗಿಯೇ ಮುಗಿಯಿತು. ಇನ್ನೆರಡೇ ವರ್ಷ ತಡೆದಿದ್ದರೆ ಆಗುತ್ತಿತ್ತು! ಕೊಲೆಯನ್ನು ನಾನು ಒಪ್ಪುವವನಲ್ಲ. ಆದರೆ ಬಡವನ ಬಾಯಿಗೆ ಬಂದ ಹಲ್ಲಿನ ಮೇಲೆ ಕಂದಾಯ ಎತ್ತಿದವರ ಮೇಲೂ ನನಗೆ ಕನಿಕರ ಹುಟ್ಟುವುದಿಲ್ಲ.

1937ರಲ್ಲಿ ಅಕ್ರಿಲಿಕ್ ಬಂತು, ಒಸಡಿಗೆ ಒಪ್ಪುವ ಬಣ್ಣವೂ ಬಂತು. ಪುಡಿಗೆ ದ್ರವ ಕಲಸಿ ನಾವು ತುಂಬುವುದು ಮಾತ್ರ ಅದೇ ಬಗೆಯ ಫ್ಲಾಸ್ಕಿಗೆ.

ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಅಜ್ಜನದೋ ಮುತ್ತಜ್ಜಿಯದೋ ಕಗ್ಗೆಂಪು ಬಣ್ಣದ ಸೆಟ್ಟು ಸಿಕ್ಕಿದರೆ, ಅಸಹ್ಯಪಟ್ಟು ಬಿಸಾಡಬೇಡಿ. ಅದು ವಲ್ಕನೈಟ್ ಇರಬಹುದು. ಹತ್ತಿರದ ಡೆಂಟಲ್ ಕಾಲೇಜಿಗೆ ಒಯ್ದು ತೋರಿಸಿ.