ಆಳಿನ ಹೊತ್ತಿಗೆ ಲೆಕ್ಕ ಎಲ್ಲಿ?

ಶಿಕಾರಿಪುರ, ಸೊರಬದ ಕಡೆ ಜೀತಕ್ಕಿದ್ದವನನ್ನು ಯಾರೂ ಕೂಲಿಕಾರ ಅಂತ ಕರೀತಿರಲಿಲ್ಲ. 'ನಮ್ಮನೆ ಆಳು' ಅಂತಿದ್ರು. ಎಂಥ ಪ್ರೀತಿ ನೋಡಿ! ಕೂಲಿಕಾರ ಅಂದರೆ ಹೊತ್ತು ಮುಳುಗಿದ ಮೇಲೆ ಬಿಡಬೇಕು. ಮನೆ ಆಳಿಗೆ ಹೊತ್ತೇ ಮುಳುಗೋದಿಲ್ಲ. ಕೋಳಿ ಕೂಗುವಾಗ ಸಗಣಿ ಬಾಚಿದವನು ರಾತ್ರಿ ಕಣ ಕಾಯಬೇಕು.

ಅದೇ ಜಿಲ್ಲೆಯ ಭದ್ರಾವತಿಯಲ್ಲಿ 1923ರಿಂದಲೇ ಕಬ್ಬಿಣ ಕರಗುತ್ತಿತ್ತು. 1948ರ ಕಾರ್ಖಾನೆ ಕಾಯಿದೆ ಬಂದ ಮೇಲೆ ದಿನಕ್ಕೆ 9 ಗಂಟೆ ಇಲ್ಲವೇ ವಾರಕ್ಕೆ 48 ಗಂಟೆ ಮೀರಿದರೆ ಮೀರಿದ್ದಕ್ಕೆ ಎರಡು ಪಾಲು ಕೂಲಿ ಅಂತಾಯಿತು. ಅಲ್ಲಿ ಹಾಜರಿ ಪುಸ್ತಕ ಇತ್ತು, ಯೂನಿಯನ್ ಇತ್ತು. ಗದ್ದೆಯಲ್ಲಿ ಇದ್ದದ್ದು ಧಣಿಯ ಬಾಯಿ ಮಾತು.

ಗದ್ದೆಯವರನ್ನು ಕಾನೂನು ಮರೆತಿತ್ತು ಅಂತಲ್ಲ. ಕನಿಷ್ಠ ಕೂಲಿಯ ಮಸೂದೆಯನ್ನು 1946ರಲ್ಲಿ ಮಂಡಿಸಿದವರು ಬಾಬಾಸಾಹೇಬರು. ಆಗ ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದರು. 1948ರಲ್ಲಿ ಅದು ಕಾಯಿದೆಯಾದಾಗ ಬೇಸಾಯದ ಕೂಲಿಯೂ ಅದರ ಪಟ್ಟಿಯಲ್ಲಿತ್ತು. ಆದರೆ 1950ರ ಕೇಂದ್ರ ನಿಯಮಗಳಲ್ಲಿ 25ನೆಯದನ್ನು ಓದಿ: ಹೆಚ್ಚುವರಿ ಗಂಟೆಗೆ ಬೇರೆ ಕಸುಬಿನವರಿಗೆಲ್ಲ ಎರಡು ಪಾಲು, ಬೇಸಾಯದವರಿಗೆ ಒಂದೂವರೆ. ಈ ನಿಯಮ ಕೇಂದ್ರದ ಸುಪರ್ದಿಗೆ ಬರುವ ಕೆಲಸಗಳದ್ದು, ನಮ್ಮೂರ ಗೌಡರ ಗದ್ದೆಯದಲ್ಲ, ನಿಜ. ಆದರೂ ಕೆಸರಲ್ಲಿ ನಿಂತವನ ಬೆವರಿಗೆ ದೆಹಲಿ ಕೂತು ಹಾಕಿದ ಬೆಲೆ ಇದು. ಯಾಕೆ ಸ್ವಾಮಿ, ಗದ್ದೆಯಲ್ಲಿ ಸೊಂಟ ಕಡಿಮೆ ನೋಯುತ್ತದೆಯೆ?

ಇನ್ನೊಂದು ಕಂಡಿ ಅದೇ ಕಾಯಿದೆಯ 14ನೇ ಕಲಮಿನಲ್ಲಿತ್ತು. ಗಂಟೆ, ದಿನ, ತಿಂಗಳ ಲೆಕ್ಕದಲ್ಲಿ ಕೂಲಿ ಗೊತ್ತಾದವರಿಗೆ ಮಾತ್ರ ಹೆಚ್ಚುವರಿ ಕೂಲಿ. ಎಕರೆಗಿಷ್ಟು ಅಂತ ನೆಟ್ಟಿ ಗುತ್ತಿಗೆ ಹಿಡಿದ ಹೆಂಗಸರು ಕತ್ತಲಾಗುವ ತನಕ ನೆಟ್ಟರೂ ಆ ಕಲಮು ಅವರ ಹತ್ತಿರ ಸುಳಿಯಲಿಲ್ಲ.

ಹೆಸರಿಡುವವನ ಕೈಯಲ್ಲೇ ಎಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿದಾರ ಅನ್ನಿಸಿಕೊಂಡವನು ಅರ್ಜಿ ಹಾಕಿ ಭೂಮಿ ಕೇಳಬಹುದಿತ್ತು. ಅದೇ ಗದ್ದೆ ಉತ್ತ ಆಳಿಗೆ ಆ ಬಾಗಿಲಿಲ್ಲ. 1976ರ ಜೀತ ನಿರ್ಮೂಲನ ಕಾಯಿದೆ ಆಳಿನ ತಲೆ ಮೇಲಿದ್ದ ಸಾಲ ಅಳಿಸಿತು, ದೊಡ್ಡ ಮಾತೇ. ಆದರೆ ಅವನಿಗೆ ಬರಬೇಕಾಗಿದ್ದ ರಾತ್ರಿಗಳ ಕೂಲಿ? ಧಣಿಗೆ ಅವನು ಕೊಡಬೇಕಾದ್ದು ಮಾತ್ರ ಪುಸ್ತಕದಲ್ಲಿತ್ತು, ಅವನಿಗೆ ಧಣಿ ಕೊಡಬೇಕಾದ್ದು ಎಲ್ಲೂ ಬರೆದಿರಲಿಲ್ಲ.

2025ರ ನವೆಂಬರ್ 21ರಂದು ವೇತನ ಸಂಹಿತೆ ಜಾರಿಯಾಗಿ 1948ರ ಕನಿಷ್ಠ ಕೂಲಿ ಕಾಯಿದೆ ಹೋಯಿತು. ಹೆಚ್ಚುವರಿ ಗಂಟೆಗೆ ಎರಡು ಪಾಲಿಗಿಂತ ಕಡಿಮೆ ಇಲ್ಲ, ಗದ್ದೆಯವರಿಗೂ ಅಷ್ಟೇ ಅನ್ನುತ್ತದೆ ಸಂಹಿತೆ. ಅದರಲ್ಲೂ 14ನೇ ಕಲಮೇ ಈ ವಿಷಯದ್ದು. ಅದರಲ್ಲೂ ಗಂಟೆ, ದಿನದ ಲೆಕ್ಕದವರಿಗೇ ಆ ಎರಡು ಪಾಲು. ಗುತ್ತಿಗೆ ನೆಟ್ಟಿಯ ಹೆಂಗಸರು ಇನ್ನೂ ಬದುವಿನಾಚೆಯೇ ನಿಂತಿದ್ದಾರೆ.