ಹಿತ್ತಿಲಿನ ಡೇಲಿಯಾ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯಲ್ಲಿ ನನ್ನ ನಂಟರ ಮನೆಯೊಂದುಂಟು. ಅಲ್ಲಿಗೆ ಒಮ್ಮೆ ನಾಲ್ಕು ಡೇಲಿಯಾ ಗಡ್ಡೆಗಳನ್ನು ಕೊಂಡೊಯ್ದಾಗ ಮನೆಯ ಹಿರಿಯರು, “ಇದರ ಫಲವೇನು?” ಎಂದು ಕೇಳಿದರು. ಕಾಯಿ, ಕೊಬ್ಬರಿ, ನಾರು, ಸೋಗೆಗಳನ್ನೆಲ್ಲ ಕೊಡುವ ಮರದ ಕೆಳಗೆ ಬಾಳಿದವರಿಗೆ ಈ ಪ್ರಶ್ನೆ ಸಹಜವೇ ಸರಿ. ಹೂ ಬಿಡುತ್ತದೆ ಎಂದೆ. ಆ ಉತ್ತರ ಸಾಲದೆಂದು ನನಗೇ ತೋರಿತು. ಏಕೆಂದರೆ ಇದೇ ಪ್ರಶ್ನೆ ಈ ಗಿಡಕ್ಕೆ ಹಿಂದೆಯೂ ಎದುರಾಗಿತ್ತು.

ಡೇಲಿಯಾದ ತವರು ಮೆಕ್ಸಿಕೋ ದೇಶದ ಎತ್ತರದ ನಾಡು. ಅಲ್ಲಿಯ ಮೂಲನಿವಾಸಿಗಳು ಇದರ ಗಡ್ಡೆಯನ್ನು ತಿನ್ನುತ್ತಿದ್ದರು. ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನು 1570ರಲ್ಲಿ ಕಳುಹಿಸಿದ ಹೆರ್ನಾಂಡೆಸ್ ಎಂಬ ವೈದ್ಯನು ಆ ನಾಡಿನ ಮೂಲಿಕೆಗಳೊಡನೆ ಇದನ್ನೂ ವರ್ಣಿಸಿದನು. ಬೀಜಗಳು ಮ್ಯಾಡ್ರಿಡ್ ನಗರದ ಸಸ್ಯೋದ್ಯಾನವನ್ನು ಸೇರಿದುದು 1789ರಲ್ಲಿ. ಅಲ್ಲಿಯ ಪಂಡಿತನಾದ ಪಾದ್ರಿ ಕವನಿಲ್ಯೆಸನು 1791ರಲ್ಲಿ, ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲನ ನೆನಪಿಗಾಗಿ ಗಿಡಕ್ಕೆ ಈ ಹೆಸರನ್ನಿಟ್ಟನು. ಡಾಲನಾದರೋ 1789ರಲ್ಲಿಯೇ ತೀರಿಹೋಗಿದ್ದನು, ಪಾಪ. ಯೂರೋಪಿನವರು ಆಲೂಗಡ್ಡೆಯಂತೆ ಇದನ್ನೂ ಬೇಯಿಸಿ ನೋಡಿದರು, ರುಚಿ ಹಿಡಿಸಲಿಲ್ಲ. ಅಡಿಗೆಮನೆಯಲ್ಲಿ ಸೋತದ್ದು ಅಂಗಳದಲ್ಲಿ ಗೆದ್ದಿತು.

ಅದೇ ಮೆಕ್ಸಿಕೋ ಕಡೆಯಿಂದ ನಮ್ಮಲ್ಲಿಗೆ ಬಂದ ಇನ್ನೆರಡನ್ನು ನೋಡಿರಿ. ಚೆಂಡುಹೂವಿಲ್ಲದೆ ಆಯುಧಪೂಜೆಯ ಬಾಗಿಲು ಸಿಂಗಾರವಾಗದು. 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರೊನರು ತಂದರೆಂದು ಪ್ರಸಿದ್ಧವಾದ ಸೀಮೆಬದನೆ ನಮ್ಮ ಹುಳಿಯಲ್ಲಿ ಬೆರೆತುಹೋಗಿದೆ. ತವರಿನಲ್ಲಿ ಆಹಾರವಾಗಿದ್ದ ಡೇಲಿಯಾ ಮಾತ್ರ ಪೂಜೆಯ ಬುಟ್ಟಿಗೂ ಒಲೆಗೂ ಹತ್ತಿರವಾಗದೆ, ಬಂಗಲೆಯ ಕುಂಡದಲ್ಲಿಯೂ ಪುಷ್ಪಪ್ರದರ್ಶನದಲ್ಲಿಯೂ ನಿಂತಿತು.

ಇದಕ್ಕೆ ಗಿಡದ ಸ್ವಭಾವವೂ ಒಂದು ಕಾರಣವೆಂದು ನನ್ನ ಎಣಿಕೆ. ಒಣಗಿದ ಚೆಂಡುಹೂವನ್ನು ಉದುರಿಸಿದರೆ ಸಾಕು, ಸಸಿಯೇಳುತ್ತದೆ. ಡೇಲಿಯಾ ಬೀಜದಿಂದ ಹುಟ್ಟಿದ ಗಿಡವಾದರೋ ತಾಯಿಯ ರೂಪನ್ನೇ ತಾಳುವುದೆಂಬ ನಂಬಿಕೆಯಿಲ್ಲ. ಮೆಚ್ಚಿದ ಹೂವೇ ಮತ್ತೆ ಬೇಕಾದರೆ ಗಡ್ಡೆಯನ್ನೋ ಚಿಗುರುಕಡ್ಡಿಯನ್ನೋ ವರ್ಷದಿಂದ ವರ್ಷಕ್ಕೆ ಕಾಪಾಡತಕ್ಕದ್ದು. ಕಾಪಾಡುವವರೆಲ್ಲ ಒಂದು ಬೇಸಗೆ ಮೈಮರೆತರೆ ಆ ತಳಿಯ ವಂಶವೇ ಮುಗಿಯಿತು.

ನಾನೂ ಮೊದಲ ವರ್ಷ ಗಡ್ಡೆಗಳನ್ನು ಆಲೂಗಡ್ಡೆಯಂತೆ ತುಂಡುಮಾಡಿ ಹೂಳಿ, ಎಲ್ಲವನ್ನೂ ಕೊಳೆಸಿದೆನು. ಡೇಲಿಯಾದ ಕಣ್ಣು ಗಡ್ಡೆಯ ಮೈಮೇಲಿಲ್ಲ; ಹಳೆಯ ಕಾಂಡ ಸೇರುವ ಕೊರಳಿನಲ್ಲಿದೆ. ಕೊರಳು ಮುರಿದ ಗಡ್ಡೆ ಎಷ್ಟು ದಪ್ಪವಾಗಿದ್ದರೂ ಚಿಗುರದು. ತೆಂಗಿನ ನೆರಳೂ ಇದಕ್ಕೆ ಸಲ್ಲದು. ಅರ್ಧ ದಿನದ ಬಿಸಿಲಾದರೂ ಬೇಕು. ಕಾಂಡ ಟೊಳ್ಳಾದುದರಿಂದ ಗಾಳಿಗೆ ಊರುಗೋಲು ಕೊಡಬೇಕು. ಮೇಲಿನಿಂದ ಸೋಗೆ ಬಿದ್ದರೆ ಆ ಕೋಲೂ ಉಳಿಯದೆನ್ನಿ. ಜಡಿಮಳೆ ಹಿಂದಾದ ಮೇಲೆ, ನವರಾತ್ರಿಯ ಸುಮಾರಿಗೆ ನೆಟ್ಟರೆ ಸಂಕ್ರಾಂತಿಯ ವೇಳೆಗೆ ಹೂ ಕಾಣಬಹುದು. ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಗಡ್ಡೆಯನ್ನು ಕೊರಳಿನ ಸಹಿತ ಅಗೆದು ತೆಗೆದು, ಒಣಮರಳಿನಲ್ಲಿ ಹುದುಗಿಸಿಡುವುದು ವಾಡಿಕೆ.

ಕಂದಿಕೆರೆಯ ಹಿರಿಯರು ಇದನ್ನೆಲ್ಲ ಕೇಳಿ, “ಮರಳೇಕೆ?” ಎಂದರು. ಕಾಯಿ ಸುಲಿದ ಸಿಪ್ಪೆಯಿಂದ ಉದುರಿದ ನಾರಿನ ಪುಡಿಯನ್ನು ಒಣಗಿಸಿ, ಒಂದು ಹಳೆಯ ಮಡಕೆಗೆ ತುಂಬಿದರು. ಮರುವರ್ಷ ನಾನು ಹೋದಾಗ ಮಡಕೆಯಿಂದ ಏಳು ಗಡ್ಡೆಗಳು ಹೊರಬಂದುವು. ಎರಡನ್ನು ಪಕ್ಕದ ಮನೆಗೆ ಕೊಟ್ಟಾಗಿದೆ ಎಂದರು.