ಕಾರುಗಳಲ್ಲಿ ಹಿಂಬದಿ ನೋಟ: ಕನ್ನಡಿ, ಹಿಂಬದಿ ಗಾಜು ಹಾಗೂ ವೈಪರ್ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕಾರು ಚಲಾಯಿಸುವವರ ಗಮನವು ಸಹಜವಾಗಿ ಮುಂದಿನ ರಸ್ತೆಯ ಮೇಲಿರುತ್ತದೆ. ಆದರೆ ಪಥ ಬದಲಾಯಿಸುವಾಗ, ತಿರುವು ಪಡೆಯುವಾಗ, ವೇಗ ತಗ್ಗಿಸುವಾಗ, ರಸ್ತೆ ಬದಿಯಲ್ಲಿ ನಿಲ್ಲಿಸಿ ಬಾಗಿಲು ತೆರೆಯುವಾಗ ಹಾಗೂ ವಾಹನವನ್ನು ಹಿಂದಕ್ಕೆ ಚಲಾಯಿಸುವಾಗ, ಹಿಂದೆ ಮತ್ತು ಪಕ್ಕದಲ್ಲಿ ಏನಿದೆ ಎಂಬುದನ್ನು ಚಾಲಕನು ಅರಿತಿರುವುದು ಅತ್ಯಗತ್ಯ. ಈ ಅರಿವನ್ನು ನೀಡುವ ಸಾಧನಗಳೆಂದರೆ ಕನ್ನಡಿಗಳು, ಹಿಂಬದಿ ಗಾಜು, ಅದನ್ನು ಸ್ವಚ್ಛವಾಗಿಡುವ ವೈಪರ್ ಮತ್ತು ಮಂಜು ನಿವಾರಕ ಹಾಗೂ ಇತ್ತೀಚಿನ ಕಾರುಗಳಲ್ಲಿರುವ ಸಂವೇದಕ ಮತ್ತು ಕ್ಯಾಮೆರಾ. ಇವುಗಳಲ್ಲಿ ಪ್ರತಿಯೊಂದು ಸಾಧನವೂ ಹಿಂಬದಿಯ ಒಂದು ಭಾಗವನ್ನು ಮಾತ್ರ ತೋರಿಸುತ್ತದೆ. ಯಾವುದೇ ಒಂದು ಸಾಧನವೂ ಪೂರ್ಣ ನೋಟವನ್ನು ಒದಗಿಸುವುದಿಲ್ಲ.

ಚಾಲನಾ ಅನುಜ್ಞಾಪತ್ರ, ನೋಂದಣಿ ನವೀಕರಣ ಹಾಗೂ ಅರ್ಹತಾ ಪತ್ರಕ್ಕಾಗಿ ಅರ್ಜಿ ಸಲ್ಲಿಸುವವರ ಅನುಕೂಲಕ್ಕಾಗಿ ಈ ವಿಷಯದ ನಿಯಮಗಳು ಮತ್ತು ಅನುಸರಿಸಬೇಕಾದ ಕ್ರಮಗಳನ್ನು ಕೆಳಗೆ ವಿವರಿಸಲಾಗಿದೆ.

2. ಕಾನೂನಿನ ಅವಕಾಶಗಳು

ಅ) ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989ರ ನಿಯಮ 99ರ ಪ್ರಕಾರ ಕಾರು ಮುಂದಕ್ಕೂ ಹಿಂದಕ್ಕೂ ಚಲಿಸುವ ಸಾಮರ್ಥ್ಯ ಹೊಂದಿರತಕ್ಕದ್ದು.

ಆ) ನಿಯಮ 100ರ ಪ್ರಕಾರ ಮುಂಬದಿ ಗಾಜು ಮತ್ತು ಹಿಂಬದಿ ಗಾಜಿನ ಮೂಲಕ ಕನಿಷ್ಠ ಶೇಕಡ 70ರಷ್ಟು ಹಾಗೂ ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇಕಡ 50ರಷ್ಟು ಬೆಳಕು ಹಾದುಹೋಗತಕ್ಕದ್ದು. ಗಾಜನ್ನು ಅದೇ ಸ್ಥಿತಿಯಲ್ಲಿ ಕಾಪಾಡಿಕೊಂಡು ಬರುವುದೂ ನಿಯಮದ ಭಾಗವಾಗಿದೆ. ಕಾರು ಖರೀದಿಸಿದ ದಿನ ಗಾಜು ನಿಯಮಬದ್ಧವಾಗಿದ್ದರಷ್ಟೇ ಸಾಲದು.

ಇ) ವಾಹನಗಳ ಗಾಜಿಗೆ ಕಪ್ಪು ಹಾಳೆ ಅಂಟಿಸುವ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರ ಏಪ್ರಿಲ್ 27ರಂದು ತೀರ್ಪು ನೀಡಿತು. ಗಾಜಿಗೆ ಯಾವ ವಸ್ತುವನ್ನು ಬಳಸಿದರೂ ಮೇಲೆ ತಿಳಿಸಿದ ಶೇಕಡ 70 ಮತ್ತು 50ರ ಮಿತಿಯು ಅನ್ವಯವಾಗುತ್ತದೆ.

ಈ) ನಿಯಮ 101 ಮುಂಬದಿ ಗಾಜಿನ ವೈಪರ್‌ಗೆ ಸಂಬಂಧಿಸಿದೆ. ಹಿಂಬದಿ ವೈಪರ್ ಕಾರುಗಳಿಗೆ ಕಡ್ಡಾಯವಲ್ಲ.

ಉ) ಕನ್ನಡಿಗಳ ಗುಣಮಟ್ಟಕ್ಕೆ ಎ.ಐ.ಎಸ್.-001 ಹಾಗೂ ಅವುಗಳ ಅಳವಡಿಕೆಗೆ ಎ.ಐ.ಎಸ್.-002 ಎಂಬ ಮಾನದಂಡಗಳಿವೆ.

ಊ) ಮೋಟಾರು ವಾಹನ (ಚಾಲನಾ) ವಿನಿಯಮಗಳು, 2017ರ ಪ್ರಕಾರ, ಇತರರಿಗೆ ಅಪಾಯ ಅಥವಾ ಅಡಚಣೆ ಆಗುವುದಿಲ್ಲವೆಂದು ಖಚಿತಪಡಿಸಿಕೊಳ್ಳದೆ ವಾಹನವನ್ನು ಹಿಂದಕ್ಕೆ ಚಲಾಯಿಸತಕ್ಕದ್ದಲ್ಲ. ಚಾಲನಾ ವಿನಿಯಮಗಳ ಉಲ್ಲಂಘನೆಗೆ, ಮೋಟಾರು ವಾಹನ ಕಾಯಿದೆ, 1988ಕ್ಕೆ 2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಪ್ರಕರಣ 177ಎ ಅಡಿಯಲ್ಲಿ 500 ರೂಪಾಯಿಗಳಿಗೆ ಕಡಿಮೆಯಿಲ್ಲದ, 1,000 ರೂಪಾಯಿಗಳವರೆಗಿನ ದಂಡವನ್ನು ನಿಗದಿಪಡಿಸಲಾಯಿತು.

3. ಕನ್ನಡಿಗಳು

ಮೋಟಾರು ವಾಹನಗಳ ಆರಂಭದ ಕಾಲದಲ್ಲಿ ಕಾರಿಗೆ ಹಿನ್ನೋಟದ ಕನ್ನಡಿ ಇರುತ್ತಿರಲಿಲ್ಲ. ಅಮೆರಿಕಾದ ಇಂಡಿಯಾನಾಪೊಲಿಸ್‌ನಲ್ಲಿ 1911ರ ಮೇ 30ರಂದು ನಡೆದ ಮೊದಲ 500 ಮೈಲಿ ಸ್ಪರ್ಧೆಯಲ್ಲಿ ಇತರ ಕಾರುಗಳಲ್ಲಿ ಚಾಲಕನ ಜೊತೆ ಮೆಕ್ಯಾನಿಕ್ ಕುಳಿತು ಹಿಂದೆ ಬರುವ ವಾಹನಗಳ ಬಗ್ಗೆ ತಿಳಿಸುತ್ತಿದ್ದರು. ಒಬ್ಬರೇ ಕುಳಿತು ಸ್ಪರ್ಧಿಸಿದ ರೇ ಹಾರೌನ್ ಅವರು ಆ ವ್ಯಕ್ತಿಯ ಬದಲಾಗಿ ತಮ್ಮ ಕಾರಿಗೆ ಕನ್ನಡಿ ಅಳವಡಿಸಿಕೊಂಡು ಗೆದ್ದರು. ಇಂದಿಗೂ ಕನ್ನಡಿಯ ಕೆಲಸ ಅದೇ ಆಗಿದೆ: ಹಿಂದೆ ನೋಡಿ ಹೇಳುವ ವ್ಯಕ್ತಿಯ ಸ್ಥಾನವನ್ನು ಅದು ತುಂಬುತ್ತದೆ.

ಒಳಗನ್ನಡಿ: ಇದು ಸಾಮಾನ್ಯವಾಗಿ ಸಮತಲ ಕನ್ನಡಿಯಾಗಿದ್ದು, ಹಿಂದಿನ ವಾಹನದ ದೂರವನ್ನು ಸರಿಯಾಗಿ ಅಂದಾಜಿಸಲು ನೆರವಾಗುತ್ತದೆ. ರಾತ್ರಿ ವೇಳೆ ಹಿಂದಿನ ವಾಹನದ ದೀಪ ಕಣ್ಣು ಕುಕ್ಕದಂತೆ ತಡೆಯಲು ಇದರ ಕೆಳಗೆ ಒಂದು ಸಣ್ಣ ಹಿಡಿ ಇರುತ್ತದೆ. ಹಿಡಿಯನ್ನು ಸರಿಸಿದಾಗ ಕನ್ನಡಿಯ ಹಿಂಭಾಗದ ಲೇಪನದಿಂದ ಪ್ರತಿಫಲಿಸುವ ಪ್ರಖರ ಬೆಳಕು ಬೇರೆ ದಿಕ್ಕಿಗೆ ಹೋಗಿ, ಗಾಜಿನ ಮೇಲ್ಮೈಯಿಂದ ಪ್ರತಿಫಲಿಸುವ ಸುಮಾರು ಶೇಕಡ 4ರಷ್ಟು ಬೆಳಕು ಮಾತ್ರ ಕಣ್ಣಿಗೆ ತಲುಪುತ್ತದೆ. ಹಗಲಿನಲ್ಲಿ ಹಿಡಿಯನ್ನು ಮೊದಲಿನ ಸ್ಥಾನಕ್ಕೆ ತರುವುದನ್ನು ಮರೆಯಬಾರದು.

ಹೊರಗನ್ನಡಿಗಳು: ಬಹುತೇಕ ಕಾರುಗಳ ಹೊರಗನ್ನಡಿಗಳು ಉಬ್ಬು ಕನ್ನಡಿಗಳಾಗಿರುತ್ತವೆ. ಇವು ಹೆಚ್ಚು ವಿಸ್ತಾರವಾದ ಪ್ರದೇಶವನ್ನು ತೋರಿಸುತ್ತವೆ, ಆದರೆ ವಸ್ತುಗಳನ್ನು ಚಿಕ್ಕದಾಗಿ ತೋರಿಸುತ್ತವೆ. ಚಿಕ್ಕದಾಗಿ ಕಂಡ ವಾಹನವನ್ನು ಚಾಲಕನು ದೂರವಿದೆಯೆಂದು ಭಾವಿಸುವ ಸಂಭವವಿದೆ. ಕನ್ನಡಿಯಲ್ಲಿ ಕಾಣುವ ವಸ್ತುಗಳು ತೋರುವುದಕ್ಕಿಂತ ಹತ್ತಿರದಲ್ಲಿವೆ ಎಂಬ ಎಚ್ಚರಿಕೆಯನ್ನು ಅನೇಕ ಕನ್ನಡಿಗಳ ಮೇಲೆ ಮುದ್ರಿಸಿರುವುದು ಇದೇ ಕಾರಣಕ್ಕೆ. ಹೊರಗನ್ನಡಿಯಲ್ಲಿ ಕಂಡ ವಾಹನದ ದೂರವನ್ನು ಒಳಗನ್ನಡಿಯಲ್ಲಿಯೂ ನೋಡಿ ದೃಢಪಡಿಸಿಕೊಂಡು ನಂತರ ಪಥ ಬದಲಾಯಿಸುವುದು ಸೂಕ್ತ.

ಹಿಂದಿನ ವರ್ಷಗಳಲ್ಲಿ ಮಾರಾಟವಾದ ಅನೇಕ ಕಾರುಗಳಿಗೆ ಎಡಬದಿಯ ಹೊರಗನ್ನಡಿ ಇರಲಿಲ್ಲ. ಎಡಗಡೆಯಿಂದ ದ್ವಿಚಕ್ರ ವಾಹನಗಳು ನುಸುಳಿ ಬರುವುದು ನಗರಗಳಲ್ಲಿ ಸಾಮಾನ್ಯವಾಗಿರುವುದರಿಂದ, ಅಂತಹ ಕಾರುಗಳ ಮಾಲೀಕರು ಎಡಗನ್ನಡಿ ಅಳವಡಿಸಿಕೊಳ್ಳುವುದು ಕ್ಷೇಮಕರ.

4. ಕನ್ನಡಿಗಳನ್ನು ಹೊಂದಿಸಿಕೊಳ್ಳುವ ಕ್ರಮ

(1) ಮೊದಲು ಆಸನವನ್ನು ಸರಿಪಡಿಸಿಕೊಳ್ಳಬೇಕು. ಆಸನ ಬದಲಾದರೆ ಕನ್ನಡಿಯ ನೋಟವೂ ಬದಲಾಗುತ್ತದೆ.

(2) ಹಿಂಬದಿ ಗಾಜು ಪೂರ್ಣವಾಗಿ ಕಾಣುವಂತೆ ಒಳಗನ್ನಡಿಯನ್ನು ತಿರುಗಿಸಬೇಕು.

(3) ತಲೆಯನ್ನು ಬಲಬದಿಯ ಕಿಟಕಿಯ ಹತ್ತಿರಕ್ಕೆ ತಂದು, ಕಾರಿನ ಬಲ ಪಾರ್ಶ್ವದ ಅಂಚು ಮಾತ್ರ ಕಾಣುವಷ್ಟು ಬಲಗನ್ನಡಿಯನ್ನು ಹೊರಕ್ಕೆ ಹೊಂದಿಸಬೇಕು.

(4) ತಲೆಯನ್ನು ಕಾರಿನ ಮಧ್ಯಭಾಗಕ್ಕೆ ತಂದು, ಅದೇ ರೀತಿ ಎಡಗನ್ನಡಿಯನ್ನು ಹೊಂದಿಸಬೇಕು.

ಈ ಕ್ರಮದಲ್ಲಿ ಒಳಗನ್ನಡಿ ತೋರಿಸುವ ಪ್ರದೇಶವನ್ನೇ ಹೊರಗನ್ನಡಿಗಳು ಮತ್ತೆ ತೋರಿಸದೆ ಪಕ್ಕದ ಪಥವನ್ನು ಹೆಚ್ಚು ತೋರಿಸುತ್ತವೆ. ಆದರೂ ಕುರುಡು ಜಾಗವು ಸಂಪೂರ್ಣವಾಗಿ ಇಲ್ಲವಾಗುವುದಿಲ್ಲ. ಪಥ ಬದಲಾಯಿಸುವ ಮುನ್ನ ಒಮ್ಮೆ ತಲೆ ತಿರುಗಿಸಿ ಪಕ್ಕಕ್ಕೆ ನೋಡಬೇಕು.

5. ಹಿಂಬದಿ ಗಾಜು, ವೈಪರ್ ಮತ್ತು ಮಂಜು ನಿವಾರಕ

ಸೆಡಾನ್ ಮಾದರಿಯ ಕಾರುಗಳಿಗೆ ಹಿಂಬದಿ ವೈಪರ್ ಅಪರೂಪ. ಹ್ಯಾಚ್‌ಬ್ಯಾಕ್ ಮತ್ತು ಎಸ್.ಯು.ವಿ. ಮಾದರಿಗಳಲ್ಲಿ ಇದು ಸಾಮಾನ್ಯ. ಇದಕ್ಕೆ ಕಾರಣ ಕಾರಿನ ಆಕಾರ. ಹ್ಯಾಚ್‌ಬ್ಯಾಕ್‌ನ ಹಿಂಭಾಗವು ನೇರವಾಗಿ ಕಡಿದಂತಿರುವುದರಿಂದ, ಕಾರು ಮುಂದೆ ಸಾಗಿದಾಗ ಅದರ ಬೆನ್ನ ಹಿಂದೆ ಕಡಿಮೆ ಒತ್ತಡದ ಗಾಳಿಯ ಸುಳಿ ಉಂಟಾಗುತ್ತದೆ. ಚಕ್ರಗಳು ಎರಚುವ ಕೆಸರು ನೀರು ಮತ್ತು ಧೂಳನ್ನು ಈ ಸುಳಿಯು ಮೇಲೆತ್ತಿ ಹಿಂಬದಿ ಗಾಜಿನ ಮೇಲೆ ಕೂರಿಸುತ್ತದೆ. ಸೆಡಾನ್‌ನಲ್ಲಿ ಗಾಜು ಇಳಿಜಾರಾಗಿದ್ದು, ಗಾಜಿಗೂ ಕಾರಿನ ಹಿಂಬದಿ ಅಂಚಿಗೂ ನಡುವೆ ಡಿಕ್ಕಿ ಇರುವುದರಿಂದ ಕೊಳೆ ಕಡಿಮೆ. ಮಳೆಗಾಲದಲ್ಲಿ ಮಲೆನಾಡು ಹಾಗೂ ಕರಾವಳಿಯ ರಸ್ತೆಗಳಲ್ಲಿಯೂ, ಬೇಸಿಗೆಯಲ್ಲಿ ಬಯಲುಸೀಮೆಯ ಮಣ್ಣು ರಸ್ತೆಗಳಲ್ಲಿಯೂ ಕೆಲವೇ ಕಿಲೋಮೀಟರ್ ಪ್ರಯಾಣದಲ್ಲಿ ಹ್ಯಾಚ್‌ಬ್ಯಾಕ್‌ನ ಹಿಂಬದಿ ಗಾಜು ಮುಚ್ಚಿಹೋಗಬಹುದು. ಆಗ ಒಳಗನ್ನಡಿ ಎಷ್ಟು ಸರಿಯಾಗಿದ್ದರೂ ಪ್ರಯೋಜನವಿಲ್ಲ.

ವೈಪರ್ ಬಳಕೆಯಲ್ಲಿ ಗಮನಿಸಬೇಕಾದ ಅಂಶಗಳು:

- ಒಣ ಧೂಳಿನ ಮೇಲೆ ವೈಪರ್ ಓಡಿಸಬಾರದು. ಮೊದಲು ನೀರು ಚಿಮ್ಮಿಸಬೇಕು. ಇಲ್ಲವಾದಲ್ಲಿ ಮರಳಿನ ಕಣಗಳು ಗಾಜಿನ ಮೇಲೆ ಶಾಶ್ವತ ಗೀರುಗಳನ್ನು ಉಂಟುಮಾಡುತ್ತವೆ.
- ಬಿಸಿಲಿಗೆ ರಬ್ಬರ್ ಪಟ್ಟಿ ಗಡುಸಾಗಿ ಬಿರುಕು ಬಿಡುತ್ತದೆ. ಮಳೆಗಾಲಕ್ಕೆ ಮುನ್ನ ಪರಿಶೀಲಿಸಿ ಅಗತ್ಯವಿದ್ದಲ್ಲಿ ಬದಲಾಯಿಸಬೇಕು.
- ವೈಪರ್ ಇಲ್ಲದ ಕಾರಿನಲ್ಲಿ ಒದ್ದೆ ಬಟ್ಟೆಯೊಂದನ್ನು ಇಟ್ಟುಕೊಂಡು, ಪ್ರಯಾಣದ ನಡುವೆ ನಿಲ್ಲಿಸಿದಾಗ ಗಾಜು, ಕನ್ನಡಿ ಮತ್ತು ಹಿಂಬದಿ ದೀಪಗಳನ್ನು ಒರೆಸಿಕೊಳ್ಳಬೇಕು.

ಗಾಜಿನ ಒಳಮೈಯಲ್ಲಿ ಕೂರುವ ಮಂಜನ್ನು ವೈಪರ್ ತೆಗೆಯಲಾರದು. ಅದಕ್ಕಾಗಿ ಗಾಜಿನಲ್ಲಿ ಸಣ್ಣ ಅಡ್ಡಗೆರೆಗಳಂತೆ ಕಾಣುವ ಮಂಜು ನಿವಾರಕವಿರುತ್ತದೆ. ಈ ಗೆರೆಗಳಲ್ಲಿ ವಿದ್ಯುತ್ ಹರಿದು ಗಾಜು ಬೆಚ್ಚಗಾಗಿ ತೇವ ಆರುತ್ತದೆ. ಇದನ್ನು ಎಂಜಿನ್ ಚಾಲನೆಯಲ್ಲಿರುವಾಗ ಮಾತ್ರ ಬಳಸಬೇಕು. ಗಾಜನ್ನು ಒಳಗಿನಿಂದ ಒರೆಸುವಾಗ ಗೆರೆಗಳ ಉದ್ದಕ್ಕೂ ಮೃದುವಾಗಿ ಒರೆಸಬೇಕು. ಒಂದು ಗೆರೆ ತುಂಡಾದರೆ ಅದು ಬೆಚ್ಚಗಾಗುವುದು ನಿಲ್ಲುತ್ತದೆ.

6. ಯಾವ ಕನ್ನಡಿಗೂ ಕಾಣದ ಜಾಗ

ಸಾರ್ವಜನಿಕರು ಅತಿ ಮುಖ್ಯವಾಗಿ ತಿಳಿಯಬೇಕಾದ ವಿಷಯವಿದು. ಕಾರಿನ ಬೆನ್ನಿಗೆ ತಾಗಿದಂತೆ ನೆಲಮಟ್ಟದಲ್ಲಿರುವ ಜಾಗವು ಒಳಗನ್ನಡಿಗಾಗಲಿ, ಹೊರಗನ್ನಡಿಗಳಿಗಾಗಲಿ, ತಲೆ ತಿರುಗಿಸಿ ನೋಡುವ ಚಾಲಕನಿಗಾಗಲಿ ಕಾಣುವುದಿಲ್ಲ.

ಉದಾಹರಣೆಗೆ, ಚಾಲಕನ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿಯೂ, ಹಿಂಬದಿ ಗಾಜಿನ ಕೆಳ ಅಂಚು 1 ಮೀಟರ್ ಎತ್ತರದಲ್ಲಿಯೂ, ಇವೆರಡರ ನಡುವಿನ ಅಂತರ 2 ಮೀಟರ್ ಎಂದೂ ಭಾವಿಸಿದರೆ, ನೋಟದ ರೇಖೆಯು ಪ್ರತಿ ಮೀಟರ್‌ಗೆ 10 ಸೆಂಟಿಮೀಟರ್ ಮಾತ್ರ ಕೆಳಗಿಳಿಯುತ್ತದೆ. ಅದು ನೆಲವನ್ನು ಮುಟ್ಟುವುದು ಗಾಜಿನಿಂದ 10 ಮೀಟರ್ ಹಿಂದೆ. 75 ಸೆಂಟಿಮೀಟರ್ ಎತ್ತರದ ಮಗುವು ಗಾಜಿನಿಂದ ಎರಡೂವರೆ ಮೀಟರ್‌ಗಿಂತ ಹತ್ತಿರದಲ್ಲಿದ್ದರೆ ಅದರ ನೆತ್ತಿಯೂ ಕಾಣುವುದಿಲ್ಲ. ಗಾಜು ಎತ್ತರದಲ್ಲಿರುವ ದೊಡ್ಡ ಕಾರುಗಳಲ್ಲಿ ಈ ಕಾಣದ ಜಾಗ ಇನ್ನೂ ಹೆಚ್ಚಿರಬಹುದು.

ಮನೆಯ ಅಂಗಳ, ವಠಾರದ ಓಣಿ, ವಸತಿ ಸಮುಚ್ಚಯಗಳ ನಿಲುಗಡೆ ಸ್ಥಳ ಹಾಗೂ ಶಾಲೆಯ ಆವರಣಗಳಲ್ಲಿ ಈ ಅಪಾಯ ಹೆಚ್ಚು. ಹೊರಡುವವರನ್ನು ಬೀಳ್ಕೊಡಲು ಓಡಿ ಬರುವ ಮಕ್ಕಳು ಕಾರಿನ ಹಿಂದೆಯೇ ನಿಂತಿರಬಹುದು. ಆದ್ದರಿಂದ ಕೆಳಕಂಡ ಕ್ರಮಗಳನ್ನು ತಪ್ಪದೆ ಅನುಸರಿಸಬೇಕು:

- ಕಾರು ಹತ್ತುವ ಮುನ್ನ ಒಮ್ಮೆ ಅದರ ಸುತ್ತ ನಡೆದು ನೋಡಬೇಕು.
- ಮನೆಯಲ್ಲಿ ಚಿಕ್ಕ ಮಕ್ಕಳಿದ್ದಲ್ಲಿ, ಕಾರು ಹೊರಡುವವರೆಗೆ ಹಿರಿಯರೊಬ್ಬರು ಮಗುವಿನ ಕೈ ಹಿಡಿದುಕೊಂಡಿರಬೇಕು.
- ಸಾಧ್ಯವಿರುವಲ್ಲಿ ಕಾರನ್ನು ಹಿಮ್ಮುಖವಾಗಿ ಒಳತಂದು ನಿಲ್ಲಿಸಿ, ಮುಮ್ಮುಖವಾಗಿ ಹೊರತೆಗೆಯಬೇಕು.
- ಹಿಂದೆ ನಿಂತು ದಾರಿ ತೋರಿಸುವವರು ಕಾರಿನ ನೇರ ಹಿಂದೆ ನಿಲ್ಲದೆ, ಕನ್ನಡಿಯಲ್ಲಿ ಕಾಣುವಂತೆ ಪಕ್ಕದಲ್ಲಿ ನಿಲ್ಲಬೇಕು. ಅವರು ಕಣ್ಮರೆಯಾದ ಕೂಡಲೇ ಕಾರನ್ನು ನಿಲ್ಲಿಸಬೇಕು.

7. ಸಂವೇದಕ ಮತ್ತು ಕ್ಯಾಮೆರಾ

ಎ.ಐ.ಎಸ್.-145 ಮಾನದಂಡದಂತೆ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಹಿಂಬದಿ ನಿಲುಗಡೆ ಸಂವೇದಕ ಕಡ್ಡಾಯವಾಗಿದೆ. ಇದು ಮನುಷ್ಯರ ಕಿವಿಗೆ ಕೇಳಿಸದ ಶಬ್ದ ತರಂಗಗಳನ್ನು ಹೊರಡಿಸಿ, ವಸ್ತುವಿಗೆ ತಾಗಿ ಮರಳುವ ಪ್ರತಿಧ್ವನಿಯಿಂದ ದೂರವನ್ನು ಅಳೆಯುತ್ತದೆ. ತೆಳುವಾದ ಕಂಬ, ತೀರಾ ತಗ್ಗಿನಲ್ಲಿರುವ ವಸ್ತು ಹಾಗೂ ಶಬ್ದವನ್ನು ಹೀರುವ ಬಟ್ಟೆಯಂತಹ ಮೇಲ್ಮೈಗಳನ್ನು ಇದು ಗುರುತಿಸದೆ ಹೋಗಬಹುದು. ಕೆಸರು ಮೆತ್ತಿದ ಸಂವೇದಕವನ್ನು ನಂಬುವಂತಿಲ್ಲ.

ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿಯೂ ಕಾರು ಒಂದು ಸೆಕೆಂಡಿಗೆ ಸುಮಾರು 1.4 ಮೀಟರ್ ಚಲಿಸುತ್ತದೆ. ಸಂವೇದಕವು ಒಂದೂವರೆ ಮೀಟರ್ ದೂರದಲ್ಲಿ ಎಚ್ಚರಿಸಿದರೆ, ಚಾಲಕನು ಬ್ರೇಕ್ ಒತ್ತುವಷ್ಟರಲ್ಲಿ ಆ ದೂರವು ಬಹುತೇಕ ಮುಗಿದಿರುತ್ತದೆ. ನಡಿಗೆಯ ವೇಗಕ್ಕಿಂತ ನಿಧಾನವಾಗಿ, ಕಾಲನ್ನು ಬ್ರೇಕಿನ ಮೇಲಿಟ್ಟುಕೊಂಡೇ ಹಿಂದಕ್ಕೆ ಚಲಾಯಿಸಬೇಕು.

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ 2018ರ ಮೇ 1ರಿಂದ 10,000 ಪೌಂಡ್‌ಗಿಂತ ಕಡಿಮೆ ತೂಕದ ಎಲ್ಲ ಹೊಸ ವಾಹನಗಳೂ ಹಿಂಬದಿಯ 10 ಅಡಿ ಅಗಲ ಮತ್ತು 20 ಅಡಿ ಉದ್ದದ ಪ್ರದೇಶವನ್ನು ಚಾಲಕನಿಗೆ ಚಿತ್ರದ ಮೂಲಕ ತೋರಿಸಬೇಕೆಂಬ ನಿಯಮ ಜಾರಿಗೆ ಬಂದಿತು. ಇದಕ್ಕೆ ಆಧಾರವಾದ 2008ರ ಕಾಯಿದೆಗೆ ಎರಡು ವರ್ಷದ ಮಗುವೊಂದರ ಹೆಸರಿಡಲಾಗಿದೆ. ತಂದೆಯೇ ಹಿಂದಕ್ಕೆ ಚಲಾಯಿಸುತ್ತಿದ್ದ ವಾಹನಕ್ಕೆ ಸಿಲುಕಿ ಆ ಮಗು 2002ರಲ್ಲಿ ಮೃತಪಟ್ಟಿತ್ತು. ಕ್ಯಾಮೆರಾ ಇರುವ ಕಾರುಗಳ ಮಾಲೀಕರು ಅದರ ಮಸೂರವನ್ನು ಪ್ರತಿದಿನ ಒರೆಸುವುದು ಅವಶ್ಯಕ. ವೈಪರ್ ಅದನ್ನು ಸ್ವಚ್ಛಗೊಳಿಸುವುದಿಲ್ಲ.

8. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಚಾಲನಾ ಅನುಜ್ಞಾಪತ್ರ: ಕಲಿಕಾ ಅನುಜ್ಞಾಪತ್ರ ಪಡೆದು 30 ದಿನಗಳ ನಂತರ ನಮೂನೆ 2ರಲ್ಲಿ ಅರ್ಜಿ ಸಲ್ಲಿಸಿ ಪರೀಕ್ಷೆಗೆ ಹಾಜರಾಗಬಹುದು. ನಿಯಮ 15ರ ಅಡಿಯ ಪರೀಕ್ಷೆಯಲ್ಲಿ ಹಿನ್ನೋಟದ ಕನ್ನಡಿಯನ್ನು ಹೊಂದಿಸಿಕೊಳ್ಳುವುದು ಹಾಗೂ ವಾಹನವನ್ನು ಹಿಂದಕ್ಕೆ ಚಲಾಯಿಸುತ್ತ ಎಡಕ್ಕೆ ಅಥವಾ ಬಲಕ್ಕೆ ಇಕ್ಕಟ್ಟಾದ ಜಾಗವನ್ನು ಹತೋಟಿಯಿಂದ ಪ್ರವೇಶಿಸುವುದು ಸೇರಿವೆ. ಪರೀಕ್ಷೆಗೆ ತರುವ ಕಾರಿನ ಕನ್ನಡಿಗಳು ಸುಸ್ಥಿತಿಯಲ್ಲಿರುವುದನ್ನು ಅರ್ಜಿದಾರರು ಮುಂಚಿತವಾಗಿ ನೋಡಿಕೊಳ್ಳಬೇಕು.

ನೋಂದಣಿ ನವೀಕರಣ: ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ನಂತರ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ಅವಧಿ ಮುಗಿಯುವ ದಿನಕ್ಕೆ ಮುಂಚಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ತಪಾಸಣೆಗೆ ಮೊದಲು ಒಡೆದ ಕನ್ನಡಿ, ಬಿರುಕು ಬಿಟ್ಟ ಗಾಜು ಹಾಗೂ ರಿವರ್ಸ್ ಗೇರ್ ಹಾಕಿದಾಗ ಬೆಳಗುವ ಬಿಳಿ ದೀಪವನ್ನು ಸರಿಪಡಿಸಿಕೊಳ್ಳಬೇಕು.

ಅರ್ಹತಾ ಪತ್ರ: ಟ್ಯಾಕ್ಸಿ ಮುಂತಾದ ಸಾರಿಗೆ ವಾಹನಗಳಿಗೆ 8 ವರ್ಷಗಳವರೆಗೆ 2 ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಅರ್ಹತಾ ಪತ್ರ ನವೀಕರಿಸಬೇಕು. ನಿಯಮ 62ರ ತಪಾಸಣಾ ಪಟ್ಟಿಯಲ್ಲಿ ಹಿನ್ನೋಟದ ಕನ್ನಡಿ, ಸುರಕ್ಷತಾ ಗಾಜು ಮತ್ತು ಮುಂಬದಿ ಗಾಜಿನ ವೈಪರ್ ಸೇರಿವೆ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಿಂಬದಿ ವೈಪರ್ ಇಲ್ಲವೆಂಬ ಕಾರಣಕ್ಕೆ ನೋಂದಣಿ ನವೀಕರಣವನ್ನು ನಿರಾಕರಿಸಬಹುದೇ?
ಉತ್ತರ: ಇಲ್ಲ. ಅದು ಕಡ್ಡಾಯವಲ್ಲ. ಆದರೆ ಗಾಜು ನಿಯಮ 100ಕ್ಕೆ ಅನುಗುಣವಾಗಿರತಕ್ಕದ್ದು.

ಪ್ರಶ್ನೆ: 2019ರ ಜುಲೈಗೆ ಮೊದಲು ತಯಾರಾದ ಕಾರಿಗೆ ಸಂವೇದಕ ಅಳವಡಿಸಲೇಬೇಕೇ?
ಉತ್ತರ: ಇಲ್ಲ. ಆ ನಿಯಮವು ನಿಗದಿತ ದಿನಾಂಕದ ನಂತರ ತಯಾರಾದ ಕಾರುಗಳಿಗೆ ಅನ್ವಯಿಸುತ್ತದೆ. ಸ್ವಇಚ್ಛೆಯಿಂದ ಅಳವಡಿಸಿಕೊಳ್ಳುವುದು ಉಪಯುಕ್ತ.

ಪ್ರಶ್ನೆ: ಹೊರಗನ್ನಡಿಯ ಮೇಲೆ ಚಿಕ್ಕ ದುಂಡು ಉಬ್ಬು ಕನ್ನಡಿ ಅಂಟಿಸಿಕೊಳ್ಳುವುದರಿಂದ ಪ್ರಯೋಜನವಿದೆಯೇ?
ಉತ್ತರ: ಪಕ್ಕದ ಕುರುಡು ಜಾಗವನ್ನು ತೋರಿಸಲು ಇದು ನೆರವಾಗುತ್ತದೆ. ಮುಖ್ಯ ಕನ್ನಡಿಯ ನೋಟಕ್ಕೆ ಅಡ್ಡವಾಗದಂತೆ ಮೂಲೆಯಲ್ಲಿ ಅಂಟಿಸಬೇಕು. ದೂರವನ್ನು ಅಂದಾಜಿಸಲು ಇದನ್ನು ಬಳಸಬಾರದು.

ಪ್ರಶ್ನೆ: ಹಿಂಬದಿ ಗಾಜಿನ ಮುಂದೆ ಸಾಮಾನು, ಗೊಂಬೆ ಅಥವಾ ಪರದೆ ಇಡಬಹುದೇ?
ಉತ್ತರ: ಇವು ಒಳಗನ್ನಡಿಯ ನೋಟವನ್ನು ಮರೆಮಾಡುತ್ತವೆ. ರಭಸದಿಂದ ಬ್ರೇಕ್ ಹಾಕಿದಾಗ ಸಾಮಾನುಗಳು ಮುಂದಕ್ಕೆ ಚಿಮ್ಮಿ ಪ್ರಯಾಣಿಕರಿಗೆ ಪೆಟ್ಟಾಗಬಹುದು. ಇಡದಿರುವುದೇ ಕ್ಷೇಮ.

ಪ್ರಶ್ನೆ: ಕ್ಯಾಮೆರಾ ಇರುವಾಗ ಕಾರಿನ ಸುತ್ತ ನಡೆದು ನೋಡುವ ಅಗತ್ಯವಿದೆಯೇ?
ಉತ್ತರ: ಇದೆ. ರಿವರ್ಸ್ ಗೇರ್ ಹಾಕಿದ ನಂತರವೇ ಕ್ಯಾಮೆರಾ ತೋರಿಸಲಾರಂಭಿಸುತ್ತದೆ. ಕಾರಿನ ಅಡಿಯಲ್ಲಿ ಹಾಗೂ ಮುಂಬದಿ ಚಕ್ರಗಳ ಪಕ್ಕದಲ್ಲಿ ಇರುವುದನ್ನು ಅದು ತೋರಿಸುವುದಿಲ್ಲ.

ಮೇಲಿನ ಸೇವೆಗಳಿಗೆ ಚಾಲನಾ ಅನುಜ್ಞಾಪತ್ರದ ಅರ್ಜಿಗಳನ್ನು ‘ಸಾರಥಿ’ ಹಾಗೂ ವಾಹನ ಸಂಬಂಧಿತ ಅರ್ಜಿಗಳನ್ನು ‘ವಾಹನ್’ ತಂತ್ರಾಂಶದ ಮೂಲಕ ಸಲ್ಲಿಸಬಹುದಾಗಿದೆ. ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.